ಯುದ್ಧದ ಪುಸ್ತಕ, ಕುಂಕುಮದ ತಟ್ಟೆ

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದವರು ಯಾರಾದರೂ ಸಿಕ್ಕಿ, "ಟೀಚರ್, ನಿಮ್ಮ ಪುಸ್ತಕಕ್ಕೆ ಪ್ರಶಸ್ತಿ ಬಂದಿತ್ತಲ್ಲ" ಎಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಪಾಪ, ಅವರು ಸಂತೋಷಕ್ಕೇ ಹೇಳುವುದು. ನಾನು ಮಾತ್ರ ಮುಖ ಗಂಟಿಕ್ಕಿ, "ಬಂದಿತ್ತು, ವಾಪಸು ಕೊಟ್ಟಿದ್ದೇನೆ" ಎಂದು ಬಸ್ಸು ಹತ್ತುತ್ತೇನೆ. ಪ್ರಶಸ್ತಿ ವಾಪಸು ಮಾಡಿದವಳು ಎಂದರೆ ಜನ ಕೂಡಲೇ ರಾಜಕೀಯ ಹುಡುಕುತ್ತಾರೆ. ಇಲ್ಲಿ ರಾಜಕೀಯ ಏನೂ ಇಲ್ಲ. ಇದ್ದದ್ದು ಒಂದು ಕುಂಕುಮದ ತಟ್ಟೆ, ಅಷ್ಟೆ.

ನಾನು ಬಂಟ್ವಾಳದ ಕಡೆಯ ಹೈಸ್ಕೂಲುಗಳಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಎರಡು ಮಹಾಯುದ್ಧಗಳ ಕಾರಣ ಮತ್ತು ಪರಿಣಾಮಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ಪಾಠ ಮಾಡುವಾಗ ಎದುರಿಗೆ ಕೂತ ಮಕ್ಕಳಲ್ಲಿ ಎಷ್ಟೋ ಮಂದಿಯ ಅಪ್ಪಂದಿರು, ಮಾವಂದಿರು ಗಲ್ಫಿನಲ್ಲಿ ಇದ್ದವರು. ಕುವೈತಿಗೆ ಇರಾಕಿನ ಸೈನ್ಯ ನುಗ್ಗಿದಾಗ ಅಲ್ಲಿ ಸಿಕ್ಕಿಬಿದ್ದು, ಕೈಬೀಸಿಕೊಂಡು ಊರಿಗೆ ಬಂದವರು ಬಂಟ್ವಾಳ, ಬೆಳ್ತಂಗಡಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಪುಸ್ತಕದಲ್ಲಿ ಯುರೋಪಿನ ಯುದ್ಧ, ಮನೆಯಲ್ಲಿ ಕುವೈತಿನ ಯುದ್ಧ. ಎರಡನೆಯದನ್ನು ಬರೆದವರು ಯಾರೂ ಇರಲಿಲ್ಲ. ನಿವೃತ್ತಿಯಾದ ಮೇಲೆ ನಾನು ಬರೆಯಲು ಹೊರಟೆ.

ನನ್ನ ಬಗ್ಗೆ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನನ್ನ ಗಂಡ ತೀರಿಕೊಂಡು ಹಲವು ವರ್ಷಗಳಾಗಿವೆ. ಆಸ್ಪತ್ರೆಯಲ್ಲಿ ನನ್ನ ಕಣ್ಣೆದುರೇ ಹೋದರು, ನಾನೇ ಮುಂದೆ ನಿಂತು ಎಲ್ಲ ಮಾಡಿಸಿದೆ. ಹಣೆಯ ಬೊಟ್ಟನ್ನು ಮಾತ್ರ ತೆಗೆಯಲಿಲ್ಲ. ಮದುವೆಗೆ ಮೊದಲೂ ಇಡುತ್ತಿದ್ದೆ, ಈಗಲೂ ಇಡುತ್ತೇನೆ. ನನ್ನ ಬಾಯಿಗೆ ಹೆದರಿ ಯಾರೂ ಅದರ ಬಗ್ಗೆ ತುಟಿ ಬಿಚ್ಚಿಲ್ಲ.

ಪುಸ್ತಕಕ್ಕೆ ನಾನು ಕೆಲಸ ಮಾಡಿದ ಕ್ರಮ ಹೀಗೆ. ಮನೆಗೆ ಹೋಗುವುದು, ಕೂತು ಕೇಳುವುದು. ಅವರು ಹೇಳುತ್ತಿದ್ದದ್ದು ತುಳುವಿನಲ್ಲಿ, ಕೆಲವು ಕಡೆ ಬ್ಯಾರಿಯಲ್ಲಿ. ನಾನು ಮನೆಗೆ ಬಂದು ಕನ್ನಡದಲ್ಲಿ ಬರೆಯುತ್ತಿದ್ದೆ. ಬರೆದದ್ದನ್ನು ಮತ್ತೆ ತೆಗೆದುಕೊಂಡು ಹೋಗಿ, ಅವರೆದುರೇ ಕೂತು ತುಳುವಿಗೆ ತಿರುಗಿಸಿ ಓದಿ ಹೇಳುತ್ತಿದ್ದೆ. ಅವರು ಹೌದೆಂದು ತಲೆಯಾಡಿಸಿದ ಮಾತಷ್ಟೇ ಅಚ್ಚಿಗೆ. ಬೇಡ ಎಂದದ್ದು ಎಷ್ಟೇ ಚೆಂದ ಇದ್ದರೂ ಹೊರಗೆ. ಅಡುಗೆಯವರು, ಟೈಲರುಗಳು, ಡ್ರೈವರುಗಳು, ಒಬ್ಬ ನರ್ಸ್, ಹೀಗೆ ಒಬ್ಬೊಬ್ಬರದು ಒಂದೊಂದು ಅಧ್ಯಾಯ. ಬಂದೂಕು ಹಿಡಿದವರು ಒಬ್ಬರೂ ಇರಲಿಲ್ಲ.

ಕೊನೆಯ ಅಧ್ಯಾಯ ನಾನು ಅಕ್ಕ ಎಂದೇ ಕರೆಯುವ ಲಾಯಿಲದ ಒಬ್ಬ ಹೆಂಗಸಿನದು. ಬೆಳ್ತಂಗಡಿ ಪೇಟೆಗೆ ತಾಗಿದ ಲಾಯಿಲದಲ್ಲಿ ಅವರದು ಚಿಕ್ಕ ಹಂಚಿನ ಮನೆ. ಎಪ್ಪತ್ತು ದಾಟಿದೆ. ಬೀಡಿ ಕಟ್ಟಿಯೇ ಬದುಕಿದವರು, ಈಗಲೂ ಮಡಿಲಲ್ಲಿ ಮೊರ ಇಟ್ಟುಕೊಂಡೇ ಮಾತಾಡುವುದು. ಅವರ ಗಂಡ ಕುವೈತಿನ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಅಡುಗೆಗೆ ಇದ್ದರು. ಯುದ್ಧ ಶುರುವಾದ ಮೇಲೆ ನಮ್ಮ ಊರಿನವರೆಲ್ಲ ಸೇರಿ ಬಸ್ಸಿನಲ್ಲಿ ಬಾಗ್ದಾದ್ ಮೇಲಾಗಿ ಜೋರ್ಡಾನಿಗೆ ಹೊರಡುವುದೆಂದಾಯಿತು. ಇವರ ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಇತ್ತು. ಅಲ್ಲಿ ಕೆಲಸಗಾರರ ಪಾಸ್‌ಪೋರ್ಟನ್ನು ಮಾಲೀಕರೇ ಇಟ್ಟುಕೊಳ್ಳುವ ಕ್ರಮ. "ಈಗ ತಕ್ಕೊಂಡು ಬರ್ತೇನೆ" ಎಂದು ಪೆಟ್ಟಿಗೆಯನ್ನು ಬಸ್ಸಿನಲ್ಲಿ ಇಟ್ಟು ಹೋದವರು ಬರಲಿಲ್ಲ. ಕಾದು ಕಾದು ಡ್ರೈವರ್ ಬಸ್ಸು ಬಿಟ್ಟ. ಅದೇ ಬಸ್ಸಿನಲ್ಲಿದ್ದ ಒಬ್ಬರು ಈಗ ಬಿ.ಸಿ. ರೋಡಿನಲ್ಲಿ ಬೇಕರಿ ಇಟ್ಟಿದ್ದಾರೆ. ಆ ಪೆಟ್ಟಿಗೆಯನ್ನು ಲಾಯಿಲಕ್ಕೆ ತಂದು ಮುಟ್ಟಿಸಿದವರೂ ಅವರೇ. ಆ ಮೇಲೆ ಎಂಬಸಿ, ಮಂತ್ರಿ, ಎಂಪಿ ಎಂದು ಅಕ್ಕ ಹೋಗದ ಬಾಗಿಲಿಲ್ಲ. ಇದ್ದಾರೆ ಎಂದೂ ಯಾರೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ನಾನು ಮೊದಲ ಸಲ ಹೋದಾಗ ಅವರು ಬೀಡಿ ಎಲೆ ಕತ್ತರಿಸುತ್ತ ಮುಖ ಎತ್ತದೆ ಕೇಳಿದರು. ಆಡಿದ್ದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಟೀಚರ್, ನೀವು ಎಂಥ ಬರೀತೀರಿ? ಅವರು ಸತ್ರು ಅಂತ ಬರೀತೀರಾ?"

"ನನಗೆ ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ ಅಕ್ಕ."

"ಸತ್ತದ್ದನ್ನು ಕಂಡವರು ಒಬ್ಬರಾದರೂ ಉಂಟಾ? ಕಂಡವರನ್ನು ತಂದು ನಿಲ್ಲಿಸಿ, ನಾನೇ ಕರಿಮಣಿ ಬಿಚ್ಚಿ ಕೊಡ್ತೇನೆ. ಇಲ್ಲದಿದ್ರೆ ಅವರು ಬರ್ತಾರೆ ಅಂತ್ಲೇ ಇರಲಿ. ಹಾಗೆ ಬರೆಯುವುದಾದ್ರೆ ಹೇಳ್ತೇನೆ."

'ಆರ್ ಬರ್ಪೆರ್' ಎಂದು ಅವರು ಆ ದಿನ ಹೇಳಿದ ಮಾತನ್ನೇ, ಅವರು ಬರುತ್ತಾರೆ ಎಂಬ ಆ ತುಳು ಮಾತನ್ನೇ, ಅಧ್ಯಾಯದ ತಲೆಬರಹ ಮಾಡಿದೆ.

ಈ ಮಾತಿಗಾಗಿ ಅವರು ಮನೆಯೊಳಗೇ ದೊಡ್ಡ ಜಗಳ ಮಾಡಿಕೊಂಡಿದ್ದರು. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವುದುಂಟು. ಅಗೆಲು ಎನ್ನುತ್ತೇವೆ. ಸತ್ತವರಿಗೆ ಒಂದೊಂದು ಬಾಳೆ ಎಲೆ, ಅದರಲ್ಲಿ ಅವರವರಿಗೆ ಇಷ್ಟವಾದದ್ದು ಬಡಿಸಿ, ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ಅಕ್ಕನ ಮೈದುನ, ಪಕ್ಕದ ಮನೆಯಲ್ಲೇ ಇರುವವನು, ಅಣ್ಣನಿಗೂ ಒಂದು ಎಲೆ ಹಾಕುವ ಎಂದು ಪ್ರತಿ ಆಟಿಯಲ್ಲೂ ಕೇಳುತ್ತಿದ್ದ. ಒಳ್ಳೆಯ ಮನುಷ್ಯ, ಅಣ್ಣನ ಜೀವ ಹಸಿದು ಅಲೆಯಬಾರದು ಎಂಬುದೇ ಅವನ ಸಂಕಟ. ಅಕ್ಕ ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಿದ್ದರು: "ಬದುಕಿದವರಿಗೆ ಎಲೆ ಹಾಕಿ ಕೊಲ್ಲಬೇಡ." ಅತ್ತೆ, ಮಾವನಿಗೆ ಎಲೆ ಬೀಳುತ್ತಿತ್ತು. ಇವರಿಗೆ ಇಲ್ಲ.

ಪುಸ್ತಕ ಬಂತು. ಇಂಥ ಪುಸ್ತಕ ಎಷ್ಟು ಮಂದಿ ಓದುತ್ತಾರೋ ಅಷ್ಟು ಮಂದಿ ಓದಿದರು. ಅದು ನನಗೆ ಸಾಕಾಗಿತ್ತು. ಪ್ರಕಾಶಕರಿಗೆ ಸಾಕಾಗಲಿಲ್ಲ.

ಮೂಡುಬಿದಿರೆಯಲ್ಲಿ ಒಂದು ಸಮಿತಿ ಉಂಟು. ಹೆಸರು ಬೇಡ. ಯುದ್ಧದ ಇತಿಹಾಸದ ಬಗ್ಗೆ ಕನ್ನಡದಲ್ಲಿ ಬಂದ ಪುಸ್ತಕಕ್ಕೆ ಪ್ರಶಸ್ತಿ ಕೊಡುತ್ತಾರೆ. ಕಥೆ, ಕಾದಂಬರಿ ನಡೆಯುವುದಿಲ್ಲ, ನಡೆದದ್ದೇ ಇರಬೇಕು. ನಮ್ಮಲ್ಲಿ ಪ್ರಶಸ್ತಿ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ನಾವೇ ಅರ್ಜಿ ಹಾಕಬೇಕು, ನಮ್ಮ ಪುಸ್ತಕದ ಪ್ರತಿಗಳನ್ನು ನಾವೇ ಕಳಿಸಬೇಕು, ನಮ್ಮ ಗುಣಗಾನವನ್ನೂ ನಾವೇ ಬರೆದು ಕೊಡಬೇಕು. ಮದುವೆಗೆ ಹುಡುಗಿ ತೋರಿಸಿದ ಹಾಗೆ. ನಾನು ಆಗುವುದಿಲ್ಲ ಎಂದೆ. ಪ್ರಕಾಶಕರು ನನಗೆ ಹೇಳದೆ ಕಳಿಸಿದರು.

ಸ್ವಲ್ಪ ದಿನ ಕಳೆದು ತೀರ್ಪುಗಾರರಲ್ಲಿ ಒಬ್ಬರು ಫೋನ್ ಮಾಡಿದರು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಮಾತು ನಿಧಾನ.

"ಮೇಡಂ, ಪುಸ್ತಕ ನೋಡಿದೆ. ಶೈಲಿ ಚೆನ್ನಾಗಿ ಉಂಟು. ಆದ್ರೆ ಇದರಲ್ಲಿ ಯುದ್ಧ ಎಲ್ಲಿ ಉಂಟು? ಒಂದು ಗುಂಡು ಹಾರುವುದಿಲ್ಲ, ಒಂದು ಟ್ಯಾಂಕು ಬರುವುದಿಲ್ಲ. ಬರೇ ಖುಬ್ಬೂಸು ರೊಟ್ಟಿ, ಬಸ್ಸು, ಸರದಿ ಸಾಲು."

"ಟ್ಯಾಂಕು ಬಂದದ್ದಕ್ಕೇ ಅಲ್ವಾ ಸರ್ ಅವರು ಬಸ್ಸು ಹತ್ತಿದ್ದು?"

"ಅದು ಸರಿ, ಆದ್ರೆ ತೂಕ ಬೇಕಲ್ಲ? ಯುದ್ಧ ಅಂದ ಮೇಲೆ ಬಲಿದಾನ, ತ್ಯಾಗ ಎಲ್ಲ ಬೇಕಾಗ್ತದೆ. ಓದುವವರಿಗೆ ಒಂದು ರೋಮಾಂಚನ ಆಗ್ಬೇಕು."

ನನಗೆ ಪಿತ್ತ ನೆತ್ತಿಗೇರಿತು. "ಗುಂಡು ಹೊಡೆದವನದು ಇತಿಹಾಸ, ಗುಂಡಿನ ಸದ್ದು ಕೇಳಿಕೊಂಡು ಹಿಟ್ಟು ಕಲಸಿದವನದು ಅಡುಗೆ ಪುಸ್ತಕವಾ ಸರ್? ಪ್ರಶಸ್ತಿ ಕೊಡುವುದು ಬೇಡ, ನೀವು ಪುಸ್ತಕವನ್ನು ಪೂರ್ತಿ ಓದಿ" ಎಂದು ಫೋನಿಟ್ಟೆ. ಅಷ್ಟು ಹೇಳಿದ ಮೇಲೆ ಪ್ರಶಸ್ತಿ ಬರುವುದಿಲ್ಲವೆಂದು ಆರಾಮವಾಗಿದ್ದೆ. ಅದೇ ವರ್ಷ ಸ್ಪರ್ಧೆಯಲ್ಲಿದ್ದ ಇನ್ನೊಂದು ಪುಸ್ತಕವನ್ನು ನಾನೂ ನೋಡಿದ್ದೆ. ದಪ್ಪ ರಟ್ಟು, ಬಣ್ಣದ ನಕ್ಷೆಗಳು, ಬಾಣದ ಗುರುತುಗಳು. ಬರೆದವರು ಯುದ್ಧ ಕಂಡ ಒಬ್ಬ ಮನುಷ್ಯನ ಹತ್ತಿರವೂ ಮಾತಾಡಿದ ಹಾಗೆ ಕಾಣಲಿಲ್ಲ. ಬೇರೆ ಪುಸ್ತಕಗಳಿಂದ ಎತ್ತಿ ಜೋಡಿಸಿದ್ದರು. ಬಾಣದ ಗುರುತಿನ ಕೆಳಗೆ ಯಾರ ಮನೆ ಇತ್ತು ಎಂದು ಅದರಲ್ಲಿ ಎಲ್ಲೂ ಇಲ್ಲ. ಅದಕ್ಕೇ ಕೊಡುತ್ತಾರೆ ಎಂದುಕೊಂಡಿದ್ದೆ. ನನ್ನ ಪುಸ್ತಕಕ್ಕೇ ಬಂತು.

ಯಾಕೆ ಬಂತೆಂದು ಆಮೇಲೆ ತಿಳಿಯಿತು. ಸಮಿತಿಯ ಕಾರ್ಯದರ್ಶಿ ಮನೆಗೇ ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಊರಿನ ಯಾವ ಕಾರ್ಯಕ್ರಮವೂ ಅವರಿಲ್ಲದೆ ನಡೆಯುವುದಿಲ್ಲ.

"ಮೇಡಂ, ನಮ್ಮ ಸಮಿತಿಯ ಇತಿಹಾಸದಲ್ಲೇ ಇಂಥ ಕಾರ್ಯಕ್ರಮ ಆಗಿಲ್ಲ ಅಂತ ಹೇಳ್ಬೇಕು, ಹಾಗೆ ಮಾಡುವ. ನಿಮ್ಮ ಪುಸ್ತಕದ ಕೊನೆಯಲ್ಲಿ ಒಬ್ರು ಅಮ್ಮ ಬರ್ತಾರಲ್ಲ, ಅವರನ್ನು ಕರಕೊಂಡು ಬನ್ನಿ. ವೇದಿಕೆಯಲ್ಲಿ ಅವರಿಗೂ ಒಂದು ಸನ್ಮಾನ. ಜನರ ಕಣ್ಣಲ್ಲಿ ನೀರು ಬರ್ಬೇಕು."

ಜನರ ಕಣ್ಣಲ್ಲಿ ನೀರು ತರಿಸಲಿಕ್ಕೆ ಅವರೇನು ಈರುಳ್ಳಿಯಾ ಎಂದು ಬಾಯಿಗೆ ಬಂತು. ನುಂಗಿಕೊಂಡು, "ಅವರನ್ನು ಕೇಳಿ ಹೇಳುತ್ತೇನೆ" ಎಂದೆ. ಅವರು ಬರುವುದಿಲ್ಲ ಎಂದೇ ನನ್ನ ಎಣಿಕೆ ಇತ್ತು.

ಲಾಯಿಲಕ್ಕೆ ಹೋಗಿ ಹೇಳಿದರೆ ಅಕ್ಕ ಬೀಡಿ ಸುತ್ತುವುದನ್ನು ನಿಲ್ಲಿಸಿಬಿಟ್ಟರು.

"ಎಷ್ಟು ಜನ ಬರ್ತಾರೆ?"

"ಹಾಲ್ ತುಂಬ ಬರ್ತಾರಂತೆ."

"ಗಲ್ಫಲ್ಲಿ ಇದ್ದವರು ಬರ್ತಾರಾ?"

"ಯುದ್ಧದ ಪುಸ್ತಕ ಅಲ್ವಾ ಅಕ್ಕ, ಬಂದರೂ ಬರಬಹುದು."

"ಹಾಗಾದ್ರೆ ನಾನು ಬರ್ತೇನೆ. ಅವರ ವಿಷಯ ಅಲ್ಲಿ ಮೈಕಿನಲ್ಲಿ ಹೇಳ್ತಾರಲ್ಲ. ಕೇಳಿದವರಲ್ಲಿ ಒಬ್ರಾದ್ರೂ, ಹೌದು ಮಾರಾಯ್ರೆ, ಈ ಮನುಷ್ಯನನ್ನು ನಾನು ಆ ಮೇಲೆ ಕಂಡಿದ್ದೇನೆ ಅಂತ ಹೇಳಿದ್ರೆ?"

ನಮಗೆ ಅದು ಪ್ರಶಸ್ತಿ ಸಮಾರಂಭ. ಅಕ್ಕನಿಗೆ ಅದು ಗಂಡನನ್ನು ಕೇಳಲಿಕ್ಕೆ ಉಳಿದಿದ್ದ ಒಂದು ಜಾಗ. ಎಂಬಸಿ, ಮಂತ್ರಿ, ಎಲ್ಲ ಆಗಿತ್ತು. ಹೀಗೆ ಸಾವಿರಾರು ಜನರೆದುರು ಕೇಳುವುದು ಆಗಿರಲಿಲ್ಲ.

ಆ ದಿನ ನಾನೇ ಕಾರು ಮಾಡಿಕೊಂಡು ಹೋಗಿ ಅವರನ್ನು ಕರೆತಂದೆ. ಗುರುವಾಯನಕೆರೆ ದಾಟಿ ವೇಣೂರಿನ ದಾರಿಯಲ್ಲಿ ಬರುವಾಗ ಅಕ್ಕ ಬ್ಯಾಗಿನಿಂದ ಫೋಟೊ ತೆಗೆದು ತೋರಿಸಿದರು. ಪಾಸ್‌ಪೋರ್ಟಿಗೆಂದು ತೆಗೆಸಿದ್ದ ಚಿಕ್ಕ ಫೋಟೊವನ್ನು ಬೆಳ್ತಂಗಡಿಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಮಳೆಗೆ ಹಾಳಾಗದ ಹಾಗೆ ಪ್ಲಾಸ್ಟಿಕ್ ಹಾಕಿಸಿದ್ದರು. ಹಸಿರು ಸೀರೆ, ತಲೆ ತುಂಬ ಮಲ್ಲಿಗೆ, ಕುತ್ತಿಗೆಯಲ್ಲಿ ಕರಿಮಣಿ, ಹಣೆಯಲ್ಲಿ ದೊಡ್ಡ ಕುಂಕುಮ. ಬೆವರಿಗೆ ಕುಂಕುಮ ಕರಗುತ್ತದೆಂದು ದಾರಿಯುದ್ದ ಸೆರಗಿನ ತುದಿಯಿಂದ ಹಣೆಯ ಬದಿಯನ್ನು ಒತ್ತಿಕೊಳ್ಳುತ್ತಿದ್ದರು. ಹಾಲ್ ಮುಟ್ಟುವಾಗ ಅದು ಪೂರ್ತಿ ಅಳಿಸಿ, ಕೆಂಪು ಕಲೆ ಮಾತ್ರ ಉಳಿದಿತ್ತು.

"ಅಯ್ಯೋ, ಇನ್ನೆಂಥ ಮಾಡುವುದು?" ಎಂದರು.

"ವೇದಿಕೆಯಲ್ಲಿ ಹೇಗೂ ಕೊಡ್ತಾರಲ್ಲ ಅಕ್ಕ" ಎಂದೆ.

ಹಾಲ್ ತುಂಬಿತ್ತು. ಕಾಲೇಜಿನ ಮಕ್ಕಳನ್ನು ಸಾಲು ಸಾಲಾಗಿ ತಂದು ಕೂರಿಸಿದ್ದರು. ಬಿ.ಸಿ. ರೋಡಿನ ಬೇಕರಿಯವರೂ ಬಂದು ಮುಂದೆಯೇ ಕೂತಿದ್ದರು. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಎಲ್ಲರಿಗೂ ಹೂವು, ಹೂವು ಕೊಟ್ಟವರಿಗೂ ಹೂವು. ಮುಖ್ಯ ಅತಿಥಿಗಳು ಬಹಳ ಹೊತ್ತು ವೀರರ ಬಗ್ಗೆ ಮಾತಾಡಿದರು. ಹಿಮಾಲಯ ಬಂತು, ಮರುಭೂಮಿ ಬಂತು, ಚಂದ್ರಲೋಕವೂ ಬಂತು. ಕುವೈತ್ ಬರಲಿಲ್ಲ. ಅಕ್ಕ ಮಾತ್ರ ಫೋಟೊ ಇದ್ದ ಬ್ಯಾಗನ್ನು ಮಡಿಲಲ್ಲಿ ಹಿಡಿದುಕೊಂಡು, ಕೆಳಗೆ ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ಸನ್ಮಾನ ನನ್ನಿಂದ ಶುರುವಾಯಿತು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ನಾವು ಹೆಂಗಸರಾದ್ದರಿಂದ ಸಮಿತಿಯ ಅಧ್ಯಕ್ಷರ ಹೆಂಡತಿ ಬಂದರು. ಅವರ ಹಿಂದೆ ಕಾಲೇಜಿನ ಹುಡುಗಿಯೊಬ್ಬಳು ತಟ್ಟೆ ಹಿಡಿದಿದ್ದಳು. ಅದರಲ್ಲಿ ಅರಸಿನ, ಕುಂಕುಮ, ಮಲ್ಲಿಗೆ, ರವಿಕೆ ಕಣ. ಅವರು ನನ್ನ ಹಣೆಗೆ ಕುಂಕುಮ ಇಟ್ಟು, ಮುಡಿಗೆ ಹೂ ಕೊಟ್ಟರು. ನಾನು ಪೇಟ ಜಾರದ ಹಾಗೆ ಹಿಡಿದುಕೊಳ್ಳುವ ಗಡಿಬಿಡಿಯಲ್ಲಿದ್ದೆ. ಆಮೇಲೆ ತಟ್ಟೆ ಅಕ್ಕನ ಮುಂದೆ ಹೋಯಿತು. ಅಕ್ಕ ಹಣೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರು. ಆ ಹೆಂಗಸು ಕುಂಕುಮಕ್ಕೆ ಬೆರಳು ಅದ್ದಿಯೂ ಆಗಿತ್ತು.

ಕಾರ್ಯದರ್ಶಿ ಬಗ್ಗಿ ಅವರ ಕಿವಿಯಲ್ಲಿ ಹೇಳಿದ್ದು ನನಗೆ ಸರಿಯಾಗಿ ಕೇಳಿತು. "ಅವರಿಗೆ ಅದು ಬೇಡ. ಬರೇ ಶಾಲು ಸಾಕು."

ಬೆರಳು ಹಿಂದಕ್ಕೆ ಹೋಯಿತು. ಹುಡುಗಿ ತಟ್ಟೆಯನ್ನು ಬದಿಗೆ ಸರಿಸಿದಳು. ಅಕ್ಕನ ಹಣೆ ಬಾಗಿದ ಹಾಗೇ ಇತ್ತು. ಅವರಿಗೆ ಇನ್ನೂ ಏನಾಯಿತೆಂದು ತಿಳಿದಿರಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ನಿರೂಪಣೆ ಮಾಡುವವರು ಗಂಟಲು ನಡುಗಿಸಿಕೊಂಡು ಶುರುಮಾಡಿದರು. "ಯುದ್ಧದ ಬೆಂಕಿಗೆ ತನ್ನ ಪತಿಯನ್ನೇ ಬಲಿಕೊಟ್ಟ ಮಹಾತಾಯಿ ಇವರು. ಪರದೇಶದ ಮಣ್ಣಿನಲ್ಲಿ ಹುತಾತ್ಮರಾದ ಆ ಅಮರ ಜೀವಕ್ಕೆ ಶಾಂತಿ ಕೋರಿ ನಾವೆಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುವ."

ಹಾಲಿಗೆ ಹಾಲೇ ಎದ್ದು ನಿಂತಿತು. ಕುರ್ಚಿಗಳ ಸದ್ದು ನಿಂತ ಮೇಲೆ ಫ್ಯಾನುಗಳ ಸದ್ದು ಮಾತ್ರ. ಕಾರ್ಯದರ್ಶಿ ಅಕ್ಕನ ತೋಳು ಹಿಡಿದು, ಎಷ್ಟು ಮರ್ಯಾದೆಯಿಂದ ಎಂದರೆ ಹೇಳಿ ಸುಖವಿಲ್ಲ, ಅವರನ್ನೂ ಎಬ್ಬಿಸಿ ನಿಲ್ಲಿಸಿದರು. ತನ್ನ ಗಂಡನನ್ನು ಯಾರಾದರೂ ಕಂಡಿದ್ದೀರಾ ಎಂದು ಕೇಳಲು ಬಂದ ಹೆಂಗಸನ್ನು ಅವರ ಗಂಡನ ಸಾವಿಗೇ ಮೌನ ನಿಲ್ಲಿಸಿದರು.

ನನ್ನ ಹಣೆಯ ಕುಂಕುಮ ಮೂಗಿನ ಮೇಲೆ ಉದುರುತ್ತಿತ್ತು. ಅಲ್ಲಿದ್ದ ಇಬ್ಬರಲ್ಲಿ ಗಂಡ ಸತ್ತವಳು ನಾನು. ಕುಂಕುಮ ಇಟ್ಟದ್ದು ನನ್ನ ಹಣೆಗೆ. ಆ ನಿಮಿಷ ಮುಗಿಯುವ ತನಕವೂ ನಾನು ಕಾಯಲಿಲ್ಲ, ಹೋಗಿ ಮೈಕನ್ನು ಕಿತ್ತುಕೊಂಡೆ.

"ಎಲ್ಲರೂ ಕೂತುಕೊಳ್ಳಿ" ಎಂದೆ, ಕ್ಲಾಸಿನಲ್ಲಿ ಹೇಳಿದ ಹಾಗೆ. "ಇವರ ಗಂಡ ಸತ್ತಿದ್ದಾರೆಂದು ನಿಮಗೆ ಯಾರು ಹೇಳಿದ್ದು? ಪ್ರಶಸ್ತಿ ಕೊಡುವ ಪುಸ್ತಕದಲ್ಲಿ ಎಲ್ಲಿ ಉಂಟು ಅದು, ಪುಟ ತೆಗೆದು ತೋರಿಸಿ. ಸತ್ತದ್ದು ನನ್ನ ಗಂಡ. ಕುಂಕುಮ ಇಡಬೇಕಾದ್ದು ಅವರಿಗೆ, ಇಟ್ಟದ್ದು ನನಗೆ. ಬದುಕಿದವರನ್ನು ಕೊಂದು, ಮೇಲಿಂದ ಶಾಲು ಬೇರೆ ಹೊದಿಸುತ್ತೀರಾ?"

ಏನಾಯಿತು ಗೊತ್ತೇ? ಚಪ್ಪಾಳೆ ಬಿತ್ತು. ಕಾಲೇಜಿನ ಮಕ್ಕಳು ಹಿಂದಿನ ಸಾಲಿನವರೆಗೂ ಎದ್ದು ಚಪ್ಪಾಳೆ ತಟ್ಟಿದರು. ಟೀಚರ್ ಚೆನ್ನಾಗಿ ಭಾಷಣ ಮಾಡಿದರು ಎಂದು. ಕಾರ್ಯದರ್ಶಿ ನಗುನಗುತ್ತಲೇ ಮೈಕ್ ತೆಗೆದುಕೊಂಡು, "ಲೇಖಕಿಯವರು ತುಂಬ ಭಾವುಕರಾಗಿದ್ದಾರೆ, ಸಮಯದ ಅಭಾವ ಉಂಟು" ಎಂದರು. ನಾನು ಕೂಗಾಡಬೇಕೆಂದಿದ್ದೆ. ಹಿಂದಿನಿಂದ ಅಕ್ಕ ನನ್ನ ಸೆರಗು ಎಳೆದರು. "ಸಾಕು ಟೀಚರ್. ಕೂತ್ಕೊಳ್ಳಿ."

ಊಟದ ಹಾಲಿನಲ್ಲಿ ನಾನು ಕಾರ್ಯದರ್ಶಿಯನ್ನು ಬಿಡಲಿಲ್ಲ.

"ಪುಸ್ತಕ ಓದಿದ್ದೀರಾ ನೀವು?"

"ನೋಡಿದ್ದೇನೆ ಮೇಡಂ. ತೀರ್ಪುಗಾರರು ಓದಿ ಸಾರಾಂಶ ಕೊಟ್ಟಿದ್ರು. ಬಲಿದಾನದ ಅಧ್ಯಾಯ ಅಂತ ಅದರಲ್ಲಿ ಇತ್ತು. ಅದರ ಮೇಲೆಯೇ ನಿಮ್ಮ ಪುಸ್ತಕ ಗೆದ್ದದ್ದು."

"ಅಧ್ಯಾಯದ ತಲೆಬರಹವೇ ಅವರು ಬರ್ತಾರೆ ಅಂತ ಉಂಟಲ್ಲ!"

"ಅಷ್ಟು ವರ್ಷ ಆಯ್ತು, ನಾವು ಅರ್ಥ ಮಾಡಿಕೊಳ್ಳಬೇಕಲ್ವಾ? ಕುಂಕುಮ ಕೊಟ್ಟು ಆ ಅಮ್ಮನಿಗೆ ಬೇಸರ ಆಗ್ಬಾರದು ಅಂತ ನಾನೇ ಬೇಡ ಅಂದದ್ದು. ಒಳ್ಳೆಯದಕ್ಕೇ ಮಾಡಿದ್ದು ಮಾರಾಯ್ರೆ."

ಈ ಒಳ್ಳೆಯದಕ್ಕೇ ಮಾಡುವವರ ಕೈಯಿಂದ ದೇವರೇ ಕಾಪಾಡಬೇಕು. ಅಧ್ಯಕ್ಷರ ಹೆಂಡತಿ ಮಾತ್ರ ಮುಖ ಸಣ್ಣದು ಮಾಡಿಕೊಂಡು ತಟ್ಟೆಯನ್ನು ಹಿಡಿದು ಅಕ್ಕನ ಹತ್ತಿರ ಬಂದರು. "ತಪ್ಪಾಯ್ತು ಅಮ್ಮ" ಎಂದು ಕುಂಕುಮ ಮುಂದೆ ಮಾಡಿದರು. ಅಕ್ಕ ಅವರ ಕೈಯನ್ನು ಮೆಲ್ಲ ಹಿಂದೆ ಸರಿಸಿದರು. "ಅಲ್ಲಿ ಎಲ್ಲರೆದುರು ಕೊಡಬೇಕಿತ್ತು ಮಗಾ. ಇಲ್ಲಿ ಅಡುಗೆ ಕೋಣೆಯ ಬಾಗಿಲಲ್ಲಿ ಬೇಡ."

ವಾಪಸು ಬರುವಾಗ ವೇಣೂರು ದಾಟುವವರೆಗೂ ಅವರು ಬ್ಯಾಗನ್ನು ಮಡಿಲಲ್ಲೇ ಹಿಡಿದುಕೊಂಡಿದ್ದರು. ಫೋಟೊ ಯಾರಿಗಾದರೂ ತೋರಿಸಿದಿರಾ ಎಂದು ನಾನೇ ಕೇಳಿದೆ.

"ಯಾರಿಗೆ ತೋರಿಸುವುದು? ಎಲ್ಲರೂ ಎದ್ದು ನಿಂತರಲ್ಲ."

ನಾನು ಹೊರಗೆ ನೋಡಿದೆ. ಅಳು ಬಂದದ್ದು ದುಃಖಕ್ಕಲ್ಲ, ಸಿಟ್ಟಿಗೆ. ಆ ಹಾಲಿನಲ್ಲಿ ಅಕ್ಕನ ಗಂಡನನ್ನು ಕಂಡವರು ಒಬ್ಬರಿದ್ದರೂ, ಅಷ್ಟು ಜನ ಮೌನ ನಿಂತ ಮೇಲೆ ಯಾರು ತಾನೇ ಎದ್ದು ಬಂದು ಹೇಳಿಯಾರು?

ಮರುದಿನ ಪತ್ರಿಕೆಯಲ್ಲಿ ಫೋಟೊ ಬಂತು. ನನ್ನ ಹೆಸರು ಸರಿ ಇತ್ತು. ಅಕ್ಕನ ಹೆಸರಿನ ಕೆಳಗೆ ಹುತಾತ್ಮರ ಪತ್ನಿ ಎಂದು ಹಾಕಿದ್ದರು. ಫೋನ್ ಮಾಡಿ ಜಗಳ ಮಾಡಿದೆ. ಸಮಿತಿ ಕೊಟ್ಟ ಸುದ್ದಿ, ಸಮಿತಿಯವರೇ ಹೇಳಿದರೆ ತಿದ್ದುತ್ತೇವೆ ಎಂದರು. ಸಮಿತಿಯವರು, ಈಗ ತಿದ್ದಿದರೆ ಕಾರ್ಯಕ್ರಮದ ಮರ್ಯಾದೆ ಹೋಗುತ್ತದೆ ಎಂದರು. ಕಾರ್ಯಕ್ರಮಕ್ಕೆ ಮರ್ಯಾದೆ ಉಂಟು, ಒಬ್ಬ ಹೆಂಗಸಿನ ಗಂಡನಿಗೆ ಇಲ್ಲ! ಆ ಸಂಜೆಯೇ ಫಲಕ, ಪೇಟ, ಶಾಲು ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಹೋಗಿ ಅವರ ಆಫೀಸಿನ ಮೇಜಿನ ಮೇಲಿಟ್ಟು ಬಂದೆ. ಹಣ್ಣನ್ನು ಮಾತ್ರ ತಿಂದಾಗಿತ್ತು. ಸೊಕ್ಕಿನ ಹೆಂಗಸು ಎಂದು ಅವರು ಊರೆಲ್ಲ ಹೇಳಿಕೊಂಡು ತಿರುಗಿದರು. ಹೇಳಲಿ. ಸೊಕ್ಕು ನನಗೆ ಮೊದಲೂ ಇತ್ತು.

ಮಳೆಗಾಲ ಬಂತು, ಆಟಿಯೂ ಬಂತು. ಒಂದು ಬೆಳಿಗ್ಗೆ ಅಕ್ಕನೇ ಫೋನ್ ಮಾಡಿದರು.

"ಟೀಚರ್, ಆದಿತ್ಯವಾರ ಇಲ್ಲಿ ಅಗೆಲು ಉಂಟು. ಈ ಸಲ ಮೈದುನ ಅವರಿಗೂ ಒಂದು ಎಲೆ ಹಾಕ್ತಾನಂತೆ. ನಾನು ಬೇಡ ಅನ್ನಲಿಲ್ಲ. ನೀವು ಬನ್ನಿ."

"ಯಾಕೆ ಅಕ್ಕ?" ಎಂದು ಕೇಳುವಾಗ ನನ್ನ ಸ್ವರ ಏರಿತ್ತು.

"ಪೇಪರಿನಲ್ಲಿ ಬಂದ ಮೇಲೆ ಅವನಿಗೆ ಧೈರ್ಯ ಬಂದಿದೆ. ಊರೇ ಮೌನ ನಿಂತಿದೆ ಅತ್ತಿಗೆ, ನೀವೊಬ್ಬರೇ ಇಲ್ಲ ಅನ್ನುವುದಾ ಅಂತಾನೆ. ನನಗೂ ಸಾಕಾಯ್ತು ಟೀಚರ್."

ಫೋನಿಟ್ಟ ಮೇಲೆ ನಾನು ಮನೆಯಲ್ಲಿ ಒಬ್ಬಳೇ ನಿಂತು ಆ ಸಮಿತಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಇರಾಕಿನ ಸೈನ್ಯಕ್ಕೆ ಆಗದ್ದು, ಎಂಬಸಿಯ ಉಡಾಫೆಗೆ ಆಗದ್ದು, ಇಷ್ಟು ವರ್ಷಗಳ ಕಾಯುವಿಕೆಗೂ ಆಗದ್ದು, ಒಂದು ಸನ್ಮಾನಕ್ಕೆ ಆಯಿತಲ್ಲ ಎಂದು. ಯುದ್ಧದ ಇತಿಹಾಸವನ್ನು ಗೌರವಿಸುತ್ತೇವೆ ಎಂದು ಬ್ಯಾನರ್ ಕಟ್ಟುವವರು ಯುದ್ಧ ಮುಟ್ಟದ ಮನುಷ್ಯನನ್ನು ಮುಗಿಸಿದರು. ಅದೇ ಹೊತ್ತಿಗೆ ಪ್ರಕಾಶಕರು ಫೋನ್ ಮಾಡಿ, ಎರಡನೆಯ ಮುದ್ರಣಕ್ಕೆ ಪ್ರಶಸ್ತಿಯ ಹೆಸರನ್ನು ಮುಖಪುಟದಲ್ಲಿ ಹಾಕುವ, ಸಮಿತಿಯ ಮೆಚ್ಚುಗೆಯ ಮಾತನ್ನು ಹಿಂದೆ ಹಾಕುವ ಎಂದರು. ಹಾಕಿದರೆ ಪುಸ್ತಕವನ್ನೇ ನಿಮ್ಮಿಂದ ಹಿಂದೆ ತೆಗೆದುಕೊಳ್ಳುತ್ತೇನೆ ಎಂದೆ. ಆದರೆ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ನನ್ನ ಕ್ರಮದ ಪ್ರಕಾರ, ಹೇಳಿದವರು ಮಾತು ಬದಲಿಸಿದರೆ ಪುಸ್ತಕವೂ ಬದಲಾಗಬೇಕು. ಅಕ್ಕನೇ ಎಲೆ ಹಾಕಲು ಒಪ್ಪಿದ ಮೇಲೆ ಆ ಅಧ್ಯಾಯವನ್ನು ಏನು ಮಾಡುವುದು?

ಆದಿತ್ಯವಾರ ಮುಸ್ಸಂಜೆಗೆ ಲಾಯಿಲಕ್ಕೆ ಹೋದೆ. ಜಡಿಮಳೆ. ಒಳಕೋಣೆಯಲ್ಲಿ ಮೂರು ಎಲೆ ಹಾಕಿದ್ದರು. ಎರಡು ಅತ್ತೆ, ಮಾವನಿಗೆ. ಮೂರನೆಯದಕ್ಕೆ ಅಕ್ಕನೇ ಬಡಿಸಿದರು. ಕುಚ್ಚಿಲಕ್ಕಿ ಅನ್ನ, ರೊಟ್ಟಿ, ಕೋಳಿ ಸಾರು. ಕೋಳಿ ಸಾರಿಗೆ ತೆಂಗಿನಕಾಯಿಯನ್ನು ಎಷ್ಟು ಕೆಂಪಗೆ ಹುರಿಯಬೇಕೆಂದು ಗಂಡ ಕಲಿಸಿದ್ದರಂತೆ, ಹಾಗೇ ಹುರಿದಿದ್ದರು. ಆಮೇಲೆ ಮೈದುನ ಕೈಮುಗಿದು ದೀಪ ಇಟ್ಟು ಬಾಗಿಲು ಎಳೆದುಕೊಂಡ. ನಾವೆಲ್ಲ ಜಗಲಿಯಲ್ಲಿ ಕೂತೆವು. ಅಕ್ಕನ ಹಣೆಯಲ್ಲಿ ಕುಂಕುಮ ಇತ್ತು, ಆದರೆ ಕೈ ಹೋಗಿ ಹೋಗಿ ಕರಿಮಣಿಯನ್ನು ಹಿಡಿದುಕೊಳ್ಳುತ್ತಿತ್ತು. ನಾನು ಅವರ ಪಕ್ಕಕ್ಕೆ ಸರಿದು ಮೆಲ್ಲ ಕೇಳಿದೆ.

"ಅಕ್ಕ, ಪುಸ್ತಕ ಮತ್ತೊಂದು ಸಲ ಅಚ್ಚಾಗ್ತದೆ. ನಿಮ್ಮ ಮಾತನ್ನು ಬದಲಿಸಬೇಕಾ?"

ಅವರು ಬಾಗಿಲನ್ನೇ ನೋಡುತ್ತಿದ್ದರು. ಮಳೆಯ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮೈದುನ ಕ್ರಮದಂತೆ ಬಾಗಿಲು ತಟ್ಟಿ ತೆಗೆದ. ಅಕ್ಕ ಎಲ್ಲರಿಗಿಂತ ಮೊದಲು ಒಳಗೆ ಹೋದರು. ಮೂರನೆಯ ಎಲೆಯ ಮುಂದೆ ಬಗ್ಗಿ ನೋಡಿದರು. ಅನ್ನ ಗೋಪುರದ ಹಾಗೇ ಇತ್ತು. ಸಾರಿನ ಮೇಲೆ ಎಣ್ಣೆ ಕೆಂ‍ಪಗೆ ನಿಂತಿತ್ತು. ಉಳಿದ ಎರಡು ಎಲೆಗಳೂ ಬಡಿಸಿದ ಹಾಗೇ ಇದ್ದವು. ಅದನ್ನು ನಾನು ನೋಡಿದೆ, ಮೈದುನನೂ ನೋಡಿದ. ಆದರೆ ಅಕ್ಕ ಆ ಕಡೆ ತಿರುಗಲಿಲ್ಲ.

"ನೋಡು" ಎಂದು ಮೈದುನನನ್ನು ಕರೆದರು. ಆ ಸ್ವರ ನನಗೆ ಗೊತ್ತಿತ್ತು, ಮೊದಲ ದಿನ ಬೀಡಿ ಎಲೆ ಕತ್ತರಿಸುತ್ತ ನನ್ನನ್ನು ತಡೆದು ನಿಲ್ಲಿಸಿದ ಸ್ವರ. "ಮುಟ್ಟಲೇ ಇಲ್ಲ. ನನ್ನ ಕೈಯ ಕೋಳಿ ಸಾರು ಬಿಟ್ಟು ಹೋಗುವ ಜನ ಅಲ್ಲ ಅವರು. ಸತ್ತಿದ್ರೆ ಬಂದು ಉಣ್ತಿದ್ರು."

ಮೈದುನ ಬಾಯಿ ತೆರೆದು ನನ್ನ ಕಡೆ ನೋಡಿದ. ಎಲ್ಲದಕ್ಕೂ ಬಾಯಿ ಹಾಕುವ ನಾನು ಒಂದು ಮಾತೂ ಆಡಲಿಲ್ಲ.

"ಟೀಚರ್, ನೀವು ಕೇಳಿದ್ದು ನನಗೆ ಕೇಳಿಸಿದೆ. ಮೊದಲು ಬರೆದದ್ದೇ ಇರಲಿ" ಎಂದರು ಅಕ್ಕ. ಆಮೇಲೆ ಮೈದುನನಿಗೆ, "ಈ ಎಲೆ ಎತ್ತು. ಮುಂದಿನ ವರ್ಷ ಇದನ್ನು ಹಾಕಬೇಡ" ಎಂದರು.